ಕೈಬಿಟ್ಟ ಗುಂಟೆಗಳು: ಅರ್ಕಾವತಿ ಬಡಾವಣೆಯ ಒಂದು ಪ್ರಕರಣ ಅಧ್ಯಯನ

ಅರ್ಕಾವತಿ ಹೊಳೆ ನಂದಿಬೆಟ್ಟದಲ್ಲಿ ಹುಟ್ಟಿ ಪಡುವಣಕ್ಕೆ ಇಳಿಯುತ್ತದೆ. ಹೆಸರಘಟ್ಟದ ಕೆರೆ ತುಂಬಿಸಿ, ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಂಡು, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದು ಈ ಹೊಳೆಯಿಂದಲೇ. ಆದರೆ ಅದರ ಹೆಸರು ಹೊತ್ತ ಬಡಾವಣೆ ಅದರ ದಡದ ಹತ್ತಿರವೂ ಇಲ್ಲ. ಇರುವುದು ನಗರದ ಇನ್ನೊಂದು ಮಗ್ಗುಲಲ್ಲಿ, ಹೆಬ್ಬಾಳದ ಆಚೆ, ಜಕ್ಕೂರು, ರಾಚೇನಹಳ್ಳಿ, ಥಣಿಸಂದ್ರಗಳ ಸುತ್ತ. ಅಲ್ಲಿ ಬಿದ್ದ ಮಳೆ ಕೆರೆಯಿಂದ ಕೆರೆಗೆ ಕೋಡಿ ಹರಿದು ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ. ಹೆಸರಿಟ್ಟವರು ಹೊಳೆ ಯಾವ ಕಡೆ ಹರಿಯುತ್ತದೆ ಎಂದು ನೋಡಿರಲಿಕ್ಕಿಲ್ಲ. ಚಿಕ್ಕ ವಿಷಯ, ನಿಜ. ಆದರೂ ಈ ಬಡಾವಣೆಯ ಕಡತ ಓದುತ್ತ ಹೋದಂತೆ ಕಾಗದ ಒಂದು ಕಡೆ, ನೆಲ ಇನ್ನೊಂದು ಕಡೆ ಆಗಿರುವುದು ಹೆಸರಿನಿಂದಲೇ ಶುರುವಾಯಿತೇನೋ ಅನ್ನಿಸುತ್ತದೆ.

ಮೂರು ಅಂಕಿಗಳನ್ನು ಮೊದಲೇ ಮುಂದಿಡುತ್ತೇನೆ. ಬಡಾವಣೆಗೆಂದು ಜಮೀನು ಸ್ವಾಧೀನಕ್ಕೆ 2003ರ ಫೆಬ್ರುವರಿಯಲ್ಲಿ ಹೊರಟ ಪ್ರಾಥಮಿಕ ಅಧಿಸೂಚನೆಯಲ್ಲಿದ್ದದ್ದು 3,339 ಎಕರೆ 12 ಗುಂಟೆ. 2004ರ ಫೆಬ್ರುವರಿಯ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು 2,750 ಎಕರೆ. 2014ರ ಪರಿಷ್ಕರಣೆಯ ಹೊತ್ತಿಗೆ 1,766 ಎಕರೆ. ಹನ್ನೊಂದು ವರ್ಷದಲ್ಲಿ ಬಡಾವಣೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಒಂದು ಅಂಚಿನಿಂದ ಕತ್ತರಿಸಿದ ಹಾಗೆ ಇಳಿದಿದ್ದರೆ ಚಿಂತೆ ಇರಲಿಲ್ಲ, ಚಿಕ್ಕದೊಂದು ಬಡಾವಣೆ ಆಗುತ್ತಿತ್ತು. ಇಳಿದದ್ದು ಇಲಿ ಕಡಿದ ಸೀರೆಯ ಹಾಗೆ, ಅಲ್ಲಲ್ಲಿ.

ಬೆಂಗಳೂರಿನಲ್ಲಿ ಬಡಾವಣೆ ಎಂದರೆ ಜನ ಭೂಸ್ವಾಧೀನದ ನೋವಿನ ಮಾತಾಡುತ್ತಾರೆ, ಅದು ಆಡಲೇಬೇಕಾದ ಮಾತು. ಈ ಪ್ರಕರಣದಲ್ಲಿ ನನ್ನ ಕಣ್ಣು ಇರುವುದು ಅದರ ಬೆನ್ನಿಗಂಟಿಕೊಂಡ ಇನ್ನೊಂದು ಕೆಲಸದ ಮೇಲೆ: ಹಿಡಿದದ್ದನ್ನು ಬಿಡುವುದು. ಯಾರದ್ದು ಬಿಟ್ಟರು, ಯಾವ ಲೆಕ್ಕದಲ್ಲಿ ಬಿಟ್ಟರು, ಬಿಟ್ಟ ಮೇಲೆ ಪಕ್ಕದವನು ಏನು ಕೇಳಿದ ಎಂಬುದು.

ಹದಿನಾರು ಹಳ್ಳಿ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಬಿಡಿಎ, ಹುಟ್ಟಿದ್ದು 1976ರ ಕಾಯ್ದೆಯಿಂದ. ಅದಕ್ಕೂ ಹಿಂದೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಅಂದರೆ ಸಿಐಟಿಬಿ, 1945ರಿಂದ ಇದೇ ಕೆಲಸ ಮಾಡುತ್ತಿತ್ತು. ಊರಿನ ಅಂಚಿನ ಹೊಲಗದ್ದೆ ಸ್ವಾಧೀನಕ್ಕೆ ತೆಗೆದುಕೊಂಡು, ರಸ್ತೆ, ಚರಂಡಿ, ಉದ್ಯಾನ ಬಿಡಿಸಿ, ಸೈಟು ಹಂಚುವುದು. ‘ಬಿಡಿಎ ಸೈಟು’ ಎಂಬ ಎರಡು ಪದಕ್ಕೆ ಈ ಊರಿನ ಮಧ್ಯಮ ವರ್ಗದಲ್ಲಿ ಇರುವ ತೂಕ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಟೈಟಲ್ ಕ್ಲಿಯರ್, ಬ್ಯಾಂಕಿನವರು ಸಾಲ ಕೊಡುತ್ತಾರೆ, ಖಾತೆಗೆ ಅಲೆಯಬೇಕಿಲ್ಲ. ಹೆಣ್ಣು ಕೊಡುವಾಗಲೂ ಹೇಳಿಕೊಳ್ಳುವ ಮಾತು ಅದು.

ಕಾಯ್ದೆಯ 17ನೇ ಕಲಂ ಪ್ರಕಾರ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ ಕೇಳಿದ ಮೇಲೆ 19ನೇ ಕಲಂ ಪ್ರಕಾರ ಅಂತಿಮ ಅಧಿಸೂಚನೆ. ಅಲ್ಲಿಂದ ಐದು ವರ್ಷದಲ್ಲಿ ಯೋಜನೆಯ ಬಹುಪಾಲು ಕೆಲಸ ಆಗದಿದ್ದರೆ 27ನೇ ಕಲಂ ಅದನ್ನು ಬಿದ್ದುಹೋಯಿತು ಎನ್ನುತ್ತದೆ. ಈ ಐದು ವರ್ಷದ ಗಡುವನ್ನು ನೆನಪಿಟ್ಟುಕೊಳ್ಳಿ.

ಅರ್ಕಾವತಿಗೆಂದು ಗುರುತಾದ ಹಳ್ಳಿಗಳು ಹದಿನಾರು: ದಾಸರಹಳ್ಳಿ, ಬೈರತಿಖಾನೆ, ಚಳ್ಳಕೆರೆ, ಗೆದ್ದಲಹಳ್ಳಿ, ಕೆ. ನಾರಾಯಣಪುರ, ರಾಚೇನಹಳ್ಳಿ, ಥಣಿಸಂದ್ರ, ಅಮೃತಹಳ್ಳಿ, ಜಕ್ಕೂರು, ಕೆಂಪಾಪುರ, ಸಂಪಿಗೆಹಳ್ಳಿ, ಶ್ರೀರಾಂಪುರ, ವೆಂಕಟೇಶಪುರ, ಹೆಣ್ಣೂರು, ಹೆಬ್ಬಾಳ, ನಾಗವಾರ. 2003ರ ಹೊತ್ತಿಗೆ ಇವು ಪೂರ್ತಿ ಹಳ್ಳಿಯೂ ಅಲ್ಲ, ನಗರವೂ ಅಲ್ಲ. ಹೊರವರ್ತುಲ ರಸ್ತೆ ಹೆಬ್ಬಾಳ, ನಾಗವಾರಗಳ ಮೇಲೆಯೇ ಹಾದಿತ್ತು. ದೇವನಹಳ್ಳಿಗೆ ವಿಮಾನ ನಿಲ್ದಾಣ ಬರುವುದು ಎಲ್ಲರಿಗೂ ಗೊತ್ತಿತ್ತು (ಬಂದದ್ದು 2008ರ ಮೇ ತಿಂಗಳಲ್ಲಿ). ಹೊಲದ ಜೊತೆಗೇ ನರ್ಸರಿ, ನರ್ಸರಿಯ ಪಕ್ಕ ಸಣ್ಣ ಕಾರ್ಖಾನೆ, ಅದರಾಚೆ ಶಾಲೆಯ ಕಾಂಪೌಂಡು. ಇವೆಲ್ಲದರ ನಡುವೆ ರೆವಿನ್ಯೂ ಸೈಟುಗಳು.

ರೆವಿನ್ಯೂ ಸೈಟಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಈ ಕಥೆಯ ಅರ್ಧ ಗಂಟು ಅಲ್ಲಿದೆ. ರೈತನ ಜಮೀನು ಪಹಣಿಯಲ್ಲಿ ಕೃಷಿ ಎಂದೇ ಇರುತ್ತದೆ. ಭೂಪರಿವರ್ತನೆ ಮಾಡಿಸಿ, ನಕ್ಷೆ ಮಂಜೂರಾಗಿಸಿ ಮಾರುವುದು ಅವನ ಕೈಲಾಗುವ ಕೆಲಸವಲ್ಲ. ಆದ್ದರಿಂದ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು, ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೋ ಕ್ರಯಪತ್ರದ ಮೇಲೋ ಮೂವತ್ತು ನಲವತ್ತು ಅಡಿಯ ತುಂಡುಗಳನ್ನು ಮಾರುತ್ತಾನೆ. ಕೊಳ್ಳುವವನು ಆಟೋ ಚಾಲಕ, ಗಾರ್ಮೆಂಟ್ಸ್ ಕೆಲಸದಾಕೆ, ಬಿಡಿಎ ಸೈಟಿಗೆ ಅರ್ಜಿ ಹಾಕಿ ಸಾಕಾದ ಗುಮಾಸ್ತ. ಒಂದು ಎಕರೆಯ ಪಹಣಿಯಲ್ಲಿ ಒಬ್ಬನ ಹೆಸರಿದ್ದರೆ ನೆಲದ ಮೇಲೆ ಹದಿನೈದು, ಇಪ್ಪತ್ತು ಜನ ಇರುತ್ತಾರೆ. ಅಧಿಸೂಚನೆ ಹೊರಡುವುದು ಪಹಣಿಯ ಹೆಸರಿಗೆ. ನೋಟಿಸೂ ಆ ಹೆಸರಿಗೇ.

ಬೆಲೆ ಯಾವ ದಿನದ್ದು?

ರೈತನ ಸಿಟ್ಟು ಬರೀ ‘ಭೂಮಿತಾಯಿ’ಯ ಮಾತಲ್ಲ. ಲೆಕ್ಕವೂ ಇದೆ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ ಕ್ರಮದಲ್ಲಿ ಪರಿಹಾರ ನಿಗದಿಯಾಗುವುದು ಪ್ರಾಥಮಿಕ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಗೆ. ಅದರ ಮೇಲೆ ಶೇ 30 ಸಾಂತ್ವನಧನ, ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತ. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಆದರೆ ‘ಮಾರುಕಟ್ಟೆ ಬೆಲೆ’ಗೆ ಸಾಕ್ಷಿ ನೋಂದಣಿ ಕಚೇರಿಯ ಪತ್ರಗಳು. ಮುದ್ರಾಂಕ ಶುಲ್ಕ ಉಳಿಸಲು ಕಡಿಮೆ ತೋರಿಸಿ ಬರೆಸುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ನೆರೆಯವನು ಅಂದು ಬರೆಸಿದ ಸುಳ್ಳು ಬೆಲೆ ಇಂದು ನಿನ್ನ ನಿಜವಾದ ಪರಿಹಾರ. ವಿಮಾನ ನಿಲ್ದಾಣದ ದಾರಿಯಲ್ಲಿ ಭೂಮಿಯ ಬೆಲೆ ತಿಂಗಳಿಗೊಮ್ಮೆ ಜಿಗಿಯುತ್ತಿದ್ದಾಗ 2003ರ ಫೆಬ್ರುವರಿಯ ಕಾಗದದ ಬೆಲೆ ಯಾರಿಗೆ ಬೇಕು? ಆದ್ದರಿಂದ ಹೆಚ್ಚು ಪರಿಹಾರ ಕೊಡಿ ಎನ್ನುವುದಕ್ಕಿಂತ ‘ನನ್ನ ಸರ್ವೆ ನಂಬರು ಬಿಟ್ಟುಬಿಡಿ’ ಎನ್ನುವುದೇ ಲಾಭ. ಬಿಟ್ಟರೆ ಸಾಕು, ಪಕ್ಕದಲ್ಲಿ ಬಿಡಿಎ ರಸ್ತೆ ಬಂದು ತನ್ನ ನೆಲಕ್ಕೆ ಇನ್ನೂ ಬೆಲೆ ಏರುತ್ತದೆ.

ಸ್ವಾಧೀನದೊಳಗೆ ಇದ್ದವನಿಗೆ ಹಳೆ ಬೆಲೆ, ಹೊರಗುಳಿದವನಿಗೆ ಹೊಸ ಬಡಾವಣೆಯ ಅಂಚಿನ ಬೆಲೆ. ನಡುವೆ ಇರುವುದು ಒಂದು ಅಧಿಸೂಚನೆಯ ಸಾಲು. ಇಂಥ ಸಾಲಿನ ಸುತ್ತ ಶಿಫಾರಸು, ಓಡಾಟ, ದಲ್ಲಾಳಿತನ ಹುಟ್ಟದಿದ್ದರೆ ಆಶ್ಚರ್ಯ.

ಆರನೆಯ ಬಾಗಿಲು

3,339ರಿಂದ 2,750ಕ್ಕೆ ಇಳಿದಾಗ ಬಿಟ್ಟುಹೋದದ್ದು 589 ಎಕರೆ. ಉಳಿದವರು ಕೋರ್ಟಿಗೆ ಹೋದರು. 2005ರ ಏಪ್ರಿಲ್ 15ರಂದು ಹೈಕೋರ್ಟಿನ ಏಕಸದಸ್ಯ ಪೀಠ ಇಡೀ ಸ್ವಾಧೀನವನ್ನೇ ರದ್ದುಮಾಡಿತು. ಅದೇ ವರ್ಷ ನವೆಂಬರ್ 25ರಂದು ವಿಭಾಗೀಯ ಪೀಠ ಆ ತೀರ್ಪನ್ನು ತಿರುಗಿಸಿ ಸ್ವಾಧೀನ ಎತ್ತಿಹಿಡಿಯಿತು, ಆದರೆ ಷರತ್ತುಗಳೊಂದಿಗೆ. ಯಾರು ಯಾರು ತಮ್ಮ ಜಮೀನು ಬಿಡಿ ಎಂದು ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎಂಬುದಕ್ಕೆ ಬಾಗಿಲುಗಳನ್ನು ತೆರೆಯಿತು: ಹಸಿರು ವಲಯದ ಜಮೀನು, ಪೂರ್ತಿ ಮನೆ ಕಟ್ಟಿಹೋದ ಜಾಗ, ಧಾರ್ಮಿಕ, ಶೈಕ್ಷಣಿಕ, ದತ್ತಿ ಸಂಸ್ಥೆಗಳ ಕಟ್ಟಡವಿರುವುದು, ನರ್ಸರಿ, ಕಾರ್ಖಾನೆ. ಈ ಐದೂ ಕಣ್ಣಿಗೆ ಕಾಣುವಂಥವು, ಹೋಗಿ ನೋಡಿ ಹೌದು ಅಲ್ಲ ಎನ್ನಬಹುದು. ಆರನೆಯದು ಬೇರೆ ಥರ: ತನ್ನ ಜಮೀನು ಪಕ್ಕದ, ಸ್ವಾಧೀನಕ್ಕೆ ಸೇರಿಸದ ಜಮೀನನ್ನು ಹೋಲುವಂತಿದ್ದರೆ.

ಈ ಆರನೆಯ ಬಾಗಿಲು ನ್ಯಾಯವಾದದ್ದು. ಸರ್ಕಾರ ಒಬ್ಬನ ಹೊಲ ಬಿಟ್ಟು, ಬದುವಿನಾಚೆಯ ಅಂಥದೇ ಹೊಲ ಹಿಡಿಯುವುದಾದರೆ ಸಮಾನತೆ ಎಲ್ಲಿ ಬಂತು? ಆದರೆ ಅದರ ನಡಿಗೆ ಹೇಗಿದೆ ನೋಡಿ. ಒಂದು ಸರ್ವೆ ನಂಬರು ಬಿಟ್ಟರೆ ಅದರ ನೆರೆಯವನಿಗೆ ಹಕ್ಕು ಹುಟ್ಟುತ್ತದೆ. ಅವನನ್ನು ಬಿಟ್ಟರೆ ಅವನ ನೆರೆಯವನಿಗೆ. ಮೊದಲ ವಿನಾಯಿತಿ ಯಾವ ಕಾರಣಕ್ಕೆ ಸಿಕ್ಕಿತ್ತೋ, ಮೂರನೆಯವನಿಗೆ ಅದು ಬೇಕಾಗಿಯೇ ಇಲ್ಲ. ಅವನು ಎರಡನೆಯವನನ್ನು ತೋರಿಸಿದರೆ ಸಾಕು. ಹೆಪ್ಪು ಹಾಕಿದ ಹಾಲಿನ ಹಾಗೆ, ಒಂದು ಚಮಚ ಸಾಕು.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ತೀರ್ಪು ಬಂದದ್ದು 2010ರ ಮೇ 5ರಂದು, ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ವಾದಗಳಲ್ಲಿ ಕೆಲವು ಬಹಳ ದೊಡ್ಡವು. ಸಂವಿಧಾನದ ತಿದ್ದುಪಡಿಯಿಂದ ಪಂಚಾಯಿತಿ, ನಗರಪಾಲಿಕೆಗಳಿಗೆ ಅಧಿಕಾರ ಬಂದ ಮೇಲೂ ಬಿಡಿಎ ಎಂಬ ಪ್ರಾಧಿಕಾರ ಬಡಾವಣೆ ಮಾಡಬಹುದೇ ಎಂಬುದೂ ಅದರಲ್ಲಿತ್ತು. ಮಾಡಬಹುದು ಎಂದಿತು ನ್ಯಾಯಾಲಯ. ಇದನ್ನು ಇಲ್ಲಿಗೇ ಬಿಡುತ್ತೇನೆ. ನೆಲಕ್ಕೆ ತಟ್ಟಿದ ಭಾಗ ಬೇರೆ: ಜಮೀನು ಕೈಬಿಡುವಾಗ ಬಿಡಿಎ ಒಂದೇ ಅಳತೆಗೋಲು ಹಿಡಿದಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿತು. ಹಾಗೆಂದು ಇಡೀ ಯೋಜನೆಯನ್ನು ಹೊಡೆದುಹಾಕಲಿಲ್ಲ, ಏಕೆಂದರೆ ಅಷ್ಟರಲ್ಲಿ ಸೈಟು ಹಂಚಿಕೆಯಾಗಿ ಸಾವಿರಾರು ಕುಟುಂಬಗಳು ಒಳಗೆ ಬಂದಿದ್ದವು. ಹೈಕೋರ್ಟು ತೆರೆದಿದ್ದ ಬಾಗಿಲುಗಳು ಕೆಲವು ಸ್ಪಷ್ಟನೆಗಳೊಂದಿಗೆ ಉಳಿದವು. ರೆವಿನ್ಯೂ ಸೈಟು ಕೊಂಡು ಕಳೆದುಕೊಂಡವರಿಗೆ ಪ್ರಾಧಿಕಾರದ ದರದಲ್ಲಿ ಮೂವತ್ತು ನಲವತ್ತರ ಸೈಟು ಪಡೆಯುವ ದಾರಿಯೂ ಇತ್ತು. ಅದೇ ತೀರ್ಪಿನಲ್ಲಿ, ಭೂಮಿ ಕಳೆದುಕೊಳ್ಳುವವನನ್ನು ಯೋಜನೆಯ ಪಾಲುದಾರನನ್ನಾಗಿ ಮಾಡಿಕೊಳ್ಳಬೇಕು ಎಂಬ ಮಾತಿದೆ. ಹಿಂತಿರುಗಿ ನೋಡಿದರೆ ಇಡೀ ತೀರ್ಪಿನಲ್ಲಿ ಎಲ್ಲಕ್ಕಿಂತ ಮೊದಲು ಬೇಕಿದ್ದದ್ದು ಅದೇ ಮಾತು ಎಂದು ನನಗೆ ತೋರುತ್ತದೆ; ಏಳು ವರ್ಷ ತಡವಾಗಿ ಬಂತು.

ತೂತು ಬಿದ್ದ ನಕ್ಷೆ ಮತ್ತು ಚರಂಡಿ

ಕೋರ್ಟಿನಲ್ಲಿ ಒಂದು ಎಕರೆ ಎಂದರೆ ಒಂದು ಎಕರೆ. ಎಂಜಿನಿಯರಿನ ಮೇಜಿನ ಮೇಲೆ ಹಾಗಲ್ಲ.

ಒಂದು ಎಕರೆಗೆ 43,560 ಚದರಡಿ. ಬಿಡಿಎ ಕಾಯ್ದೆಯಂತೆ ಬಡಾವಣೆಯಲ್ಲಿ ಶೇ 15 ಉದ್ಯಾನ, ಆಟದ ಮೈದಾನಕ್ಕೆ, ಶೇ 10 ನಾಗರಿಕ ಸೌಲಭ್ಯಕ್ಕೆ ಮೀಸಲು. ರಸ್ತೆ ಕಳೆದರೆ ಮನೆಗೆ ಉಳಿಯುವುದು ಸುಮಾರು ಅರ್ಧ. ಎಲ್ಲವನ್ನೂ ಮೂವತ್ತು ನಲವತ್ತರ ತುಂಡು ಮಾಡಿದರೆ ಎಕರೆಗೆ ಹದಿನೆಂಟು ಸೈಟು. ಹಾಗಾದರೆ ನಡುವಿನಿಂದ ಒಂದು ಎಕರೆ ಕೈಬಿಟ್ಟರೆ ಹದಿನೆಂಟು ಸೈಟು ಹೋಯಿತು, ಅಷ್ಟೇ ತಾನೇ?

ಅಷ್ಟೇ ಆಗಿದ್ದರೆ ಒಳ್ಳೆಯದಿತ್ತು. ಆ ಎಕರೆಯ ಮೇಲೆ ನಲವತ್ತಡಿ ರಸ್ತೆಯೊಂದು ಹಾದಿರುತ್ತದೆ, ಅದು ಅಲ್ಲಿಗೆ ಕುರುಡು. ಒಳಚರಂಡಿ ಕೊಳವೆ ಇಳಿಜಾರು ನಂಬಿ ಹರಿಯುವ ವಸ್ತು, ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಬರಬೇಕು. ತಗ್ಗಿನ ಎಕರೆ ಕೈತಪ್ಪಿದರೆ ಮೇಲಿನ ಹತ್ತು ಎಕರೆಯ ಮ್ಯಾನ್‌ಹೋಲುಗಳು ಎಲ್ಲಿಗೂ ಸೇರುವುದಿಲ್ಲ. ಕೊಳವೆ ಮುಂದೆ ಹೋಗದ ಕಡೆ ರಸ್ತೆಗೆ ಡಾಂಬರು ಹಾಕಿದರೆ ನಾಳೆ ಅಗೆಯಬೇಕು, ಹಾಗಾಗಿ ಹಾಕುವುದಿಲ್ಲ. ಡಾಂಬರಿಲ್ಲದ ಕಡೆ ಯಾರೂ ಮನೆ ಕಟ್ಟುವುದಿಲ್ಲ. ಮನೆ ಇಲ್ಲದ ಕಡೆ ಕರೆಂಟು, ನೀರಿಗೆ ಅವಸರವಿಲ್ಲ. ಕೈಬಿಟ್ಟ ಎಕರೆಗಿಂತ ಅದರ ನೆರಳು ದೊಡ್ಡದು.

ಆ ನೆರಳಿನಲ್ಲಿ ಸಿಕ್ಕವರು ಸೈಟು ಹಂಚಿಕೆಯಾದವರು. ಒಬ್ಬ ಶಾಲಾ ಮೇಷ್ಟ್ರನ್ನು ಊಹಿಸಿಕೊಳ್ಳಿ. ಕರ್ನಾಟಕದಲ್ಲಿ ಹತ್ತು ವರ್ಷ ವಾಸವಿದ್ದೇನೆ, ಬೆಂಗಳೂರಿನಲ್ಲಿ ತನ್ನ ಹೆಸರಿಗೂ ಹೆಂಡತಿಯ ಹೆಸರಿಗೂ ಮನೆಯಿಲ್ಲ, ಸೈಟಿಲ್ಲ ಎಂದು ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಿದ್ದಾರೆ. ಹಂಚಿಕೆಯ ನಿಯಮದಲ್ಲಿ ಎಷ್ಟು ಸಲ ಅರ್ಜಿ ಹಾಕಿ ಸಿಗದೆ ಹೋಯಿತು ಎಂಬುದಕ್ಕೆ, ವಯಸ್ಸಿಗೆ ಬೆಲೆಯಿದೆ. ‘ಇದು ನನ್ನ ಮೂರನೇ ಅಟೆಂಪ್ಟು’ ಎಂದು ಜನ ಪರೀಕ್ಷೆಯ ಮಾತಿನ ಹಾಗೆ ಹೇಳಿಕೊಳ್ಳುವುದು ಇದಕ್ಕೇ. ಸುಮಾರು 20,000 ಸೈಟು ಎಂದು ಹೇಳಲಾಗಿದ್ದ ಬಡಾವಣೆ. ಮೇಷ್ಟ್ರಿಗೂ ಒಂದು ಬಂತು. ಪಿಎಫ್ ಸಾಲ, ಹೆಂಡತಿಯ ಬಳೆ ಸೇರಿಸಿ ಹಣ ಕಟ್ಟಿದರು. ಕೈಗೆ ಬಂದದ್ದು ಗುತ್ತಿಗೆ ಸಹಿತ ಮಾರಾಟ ಕರಾರು, ಹತ್ತು ವರ್ಷ ಪರಭಾರೆ ಮಾಡುವಂತಿಲ್ಲ. ಹೋಗಿ ನೋಡಿದರೆ ತಮ್ಮ ಸೈಟಿನ ನಂಬರಿರುವ ಕಲ್ಲಿನ ಪಕ್ಕದಲ್ಲಿ ಯಾರೋ ಸೊಪ್ಪು ಬೆಳೆಯುತ್ತಿದ್ದಾರೆ, ಅವರ ಕೈಯಲ್ಲಿ ತಡೆಯಾಜ್ಞೆಯ ಪ್ರತಿ ಇದೆ. ಇಬ್ಬರ ಕಾಗದವೂ ಅಸಲಿ.

ಇಂಥ ಮೇಷ್ಟ್ರಿಗೆ ಪ್ರಾಧಿಕಾರದಲ್ಲಿ ಸಿಗುವ ಉತ್ತರ ‘ಬದಲಿ ನಿವೇಶನ’. ಅದೂ ಒಂದು ಸರದಿ. ಬದಲಿ ಕೊಡುವ ಬಡಾವಣೆಯೂ ಇನ್ನೊಂದು ಅಧಿಸೂಚನೆಯ ಮಗು.

ಇನ್ನು ಆ ಐದು ವರ್ಷದ ಗಡುವು. ತಡೆಯಾಜ್ಞೆಯಿಂದ ಕೆಲಸ ನಿಲ್ಲುತ್ತದೆ. ಕೆಲಸ ನಿಂತದ್ದರಿಂದ ಗಡುವು ಮೀರುತ್ತದೆ. ಗಡುವು ಮೀರಿದ್ದರಿಂದ ಯೋಜನೆಯೇ ಬಿದ್ದುಹೋಗಿದೆ ಎಂಬ ಹೊಸ ತಕರಾರು ಹುಟ್ಟುತ್ತದೆ. ಬಿಡಿಎಯ ಅನೇಕ ಬಡಾವಣೆಗಳಲ್ಲಿ ಜಮೀನುದಾರರು ಈ ವಾದ ಹಿಡಿದು ಕೋರ್ಟಿನ ಮೆಟ್ಟಿಲೇರಿದ್ದಾರೆ. ತಡವಾದದ್ದೇ ತಡಕ್ಕೆ ಕಾರಣ.

ರೀಡೂ

ಕನ್ನಡಕ್ಕೆ ಈ ಪ್ರಕರಣ ಕೊಟ್ಟ ಪದ ‘ರೀಡೂ’. 2014ರ ಜೂನ್‌ನಲ್ಲಿ, ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿದ್ದಾಗ, ಬಡಾವಣೆಯ ಪರಿಷ್ಕೃತ ಅಧಿಸೂಚನೆ ಹೊರಟಿತು. 541 ಎಕರೆಯನ್ನು ಕಾನೂನು ಮೀರಿ ಡಿನೋಟಿಫೈ ಮಾಡಲಾಗಿದೆ, ಅಂದರೆ ಅಧಿಸೂಚನೆಯಿಂದ ಕೈಬಿಡಲಾಗಿದೆ ಎಂದು ವಿರೋಧ ಪಕ್ಷವಾಗಿದ್ದ ಬಿಜೆಪಿ ಸದನದ ಒಳಗೂ ಹೊರಗೂ ಗದ್ದಲ ಎಬ್ಬಿಸಿತು. ಇದು ಡಿನೋಟಿಫಿಕೇಷನ್ ಅಲ್ಲ, ನ್ಯಾಯಾಲಯದ ಆದೇಶದಂತೆ ಯೋಜನೆಯನ್ನು ಮತ್ತೆ ಮಾಡಿದ್ದು, ರೀಡೂ, ಎಂಬುದು ಸರ್ಕಾರದ ಉತ್ತರ. ಆಮೇಲೆ ಕೆಲವು ಕಾಲ ಟಿವಿ ಚರ್ಚೆಗಳಲ್ಲಿ, ಹೋಟೆಲಿನ ಮೇಜುಗಳಲ್ಲಿ ಯಾವುದನ್ನೇ ತಿದ್ದಿದರೂ ‘ರೀಡೂ ಮಾಡಿದ’ ಎನ್ನುವುದು ತಮಾಷೆಯಾಯಿತು.

ತಮಾಷೆಯ ಹಿಂದೆ ನಿಜವಾದ ಕಾನೂನಿನ ಪ್ರಶ್ನೆಯಿದೆ. ಅಂತಿಮ ಅಧಿಸೂಚನೆಯಾದ ಜಮೀನನ್ನು ಸರ್ಕಾರ ಬಿಡಬೇಕಾದರೆ ಹಳೆ ಭೂಸ್ವಾಧೀನ ಕಾಯ್ದೆಯ 48ನೇ ಕಲಂ ಇದೆ, ಅದೂ ಸ್ವಾಧೀನ ಪಡೆಯುವ ಮುಂಚೆ. ನ್ಯಾಯಾಲಯ ಹೇಳಿದ ಅರ್ಹತೆಗಳನ್ನು ನೋಡಿ ಯೋಜನೆಯಿಂದ ಹೊರಗಿಡುವುದು ಇನ್ನೊಂದು ದಾರಿ. ಎರಡರ ಫಲವೂ ಹೊಲದವನಿಗೆ ಒಂದೇ. ಯಾವ ದಾರಿಯಲ್ಲಿ ಹೋದರು, ಅರ್ಜಿಗಳನ್ನು ಒಂದೊಂದಾಗಿ ನೋಡಿದರೇ ಎಂಬುದೇ ವಿವಾದ. ಇದರ ವಿಚಾರಣೆಗೆ 2014ರಲ್ಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರ ಆಯೋಗ ರಚನೆಯಾಯಿತು. ವರದಿ ಸಲ್ಲಿಕೆಯಾದದ್ದು 2017ರಲ್ಲಿ. ಅಲ್ಲಿಂದ ಮುಂದೆ ಆ ವರದಿ ಚುನಾವಣೆ ಹತ್ತಿರ ಬಂದಾಗೆಲ್ಲ ಎದ್ದು, ಆಮೇಲೆ ಮಲಗುವ ವಸ್ತುವಾಗಿದೆ. ಯಾರ ತಪ್ಪು ಎಂಬುದರ ತೀರ್ಮಾನ ನನ್ನ ಕೆಲಸವಲ್ಲ. ಒಂದು ಮಾತ್ರ ಹೇಳುತ್ತೇನೆ: 2004ರಲ್ಲೇ 589 ಎಕರೆ ಬಿಟ್ಟಾಗ, ಪ್ರತಿ ಸರ್ವೆ ನಂಬರಿನ ಎದುರು ಯಾಕೆ ಬಿಟ್ಟೆವು ಎಂದು ಒಂದು ಸಾಲು ಬರೆದು ಎಲ್ಲರಿಗೂ ಕಾಣುವಂತೆ ಇಟ್ಟಿದ್ದರೆ ಆರನೆಯ ಬಾಗಿಲು ಇಷ್ಟು ಅಗಲ ತೆರೆಯುತ್ತಿರಲಿಲ್ಲ.

ಪಾಠ ಕಲಿತರೇ ಎಂದರೆ, ಅರ್ಧ ಕಲಿತರು. ಮೈಸೂರು ರಸ್ತೆ, ಮಾಗಡಿ ರಸ್ತೆಗಳ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಭೂಮಿ ಬಿಟ್ಟುಕೊಟ್ಟ ರೈತನಿಗೆ ಹಣದ ಬದಲು ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇ 40ರ ಪಾಲು ಕೊಡುವ ಕ್ರಮ ಬಂತು. ಪಾಲು ಸಿಗುವುದಾದರೆ ‘ನನ್ನದನ್ನು ಬಿಡಿ’ ಎನ್ನುವ ಆಸೆಗೆ ಸ್ವಲ್ಪ ಕಡಿವಾಣ ಬೀಳುತ್ತದೆ. ಅಲ್ಲಿಯೂ ಸೈಟು ಹಂಚಿದ್ದು ಮೊದಲು, ನೀರು ಕರೆಂಟು ಆಮೇಲೆ. ಆ ಹಳೆ ಚಾಳಿ ಹೋಗಲಿಲ್ಲ.

ಇನ್ನೊಂದು ಡಾ. ಶಿವರಾಮ ಕಾರಂತ ಬಡಾವಣೆ, ಯಲಹಂಕದ ಕಡೆ, 3,546 ಎಕರೆ, 2008ರ ಡಿಸೆಂಬರ್‌ನ ಪ್ರಾಥಮಿಕ ಅಧಿಸೂಚನೆ. ಅಲ್ಲಿಯೂ ಅಂತಿಮ ಅಧಿಸೂಚನೆಗೂ ಮುಂಚೆಯೇ ಜಮೀನು ಕೈಬಿಡುವ ಆಟ ನಡೆದಿತ್ತು. ಈ ಸಲ ಸುಪ್ರೀಂ ಕೋರ್ಟು ಬೇರೆ ದಾರಿ ಹಿಡಿಯಿತು. 2018ರ ಆಗಸ್ಟ್‌ನಲ್ಲಿ, ಬಿಟ್ಟದ್ದನ್ನು ಒಪ್ಪುವುದಿಲ್ಲ, ಪೂರ್ತಿ ಬಡಾವಣೆ ಮಾಡಿ ಎಂದಿತು. ಬಾಗಿಲುಗಳೆಲ್ಲ ಮುಚ್ಚಿದವು. ಆದರೆ ಹತ್ತು ವರ್ಷದಲ್ಲಿ ಆ ನೆಲದ ಮೇಲೆ ಮನೆಗಳು ಎದ್ದಿದ್ದವು, ಒಳಗೆ ಜನ ಇದ್ದರು. ಯಾವ ಮನೆ ಉಳಿಯಬೇಕು, ಯಾವುದು ಹೋಗಬೇಕು ಎಂದು ಒಂದೊಂದೇ ಅರ್ಜಿ ನೋಡಲು 2020ರ ಡಿಸೆಂಬರ್‌ನಲ್ಲಿ ನ್ಯಾಯಾಲಯವೇ ಮೂವರ ಸಮಿತಿ ಮಾಡಿತು. ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್. ಸದಸ್ಯರಲ್ಲಿ ಒಬ್ಬರು ನಿವೃತ್ತ ಪೊಲೀಸ್ ಮಹಾನಿರ್ದೇಶಕ ಎಸ್.ಟಿ. ರಮೇಶ್. ಇನ್ನೊಬ್ಬರು ಜಯಕರ್ ಜೆರೋಮ್, ಅರ್ಕಾವತಿಗೆ ಮೊದಲ ಅಧಿಸೂಚನೆ ಹೊರಟ ಕಾಲದಲ್ಲಿ ಬಿಡಿಎ ಆಯುಕ್ತರಾಗಿದ್ದವರು.